ಟೋ ರೇಟಿಂಗ್ 9,800 ಪೌಂಡ್, ಟ್ರೇಲರ್ ಬರೀ 7,000, ಆದ್ರೂ ಟ್ರಕ್ಕಿನ ಹಿಂಭಾಗ ಯಾಕೆ ಕೂತ್ಕೊಳ್ಳುತ್ತೆ?

ಅಮೆರಿಕಾದಲ್ಲಿ ಟ್ರಾವೆಲ್ ಟ್ರೇಲರ್ ತಗೊಂಡಿರೋ ನಮ್ಮ ಜನ ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ. ಟ್ರೇಲರ್ ಸಿಗಿಸಿದ ತಕ್ಷಣ ಟ್ರಕ್ಕಿನ ಹಿಂಭಾಗ ಕೂತ್ಕೊಳ್ಳುತ್ತೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೇ ಹೊಡೆಯುತ್ತೆ, ಸ್ಟೀರಿಂಗ್ ಹಗುರ ಅನ್ಸುತ್ತೆ, ಹದಿನೆಂಟು ಚಕ್ರದ ಲಾರಿ ಪಕ್ಕದಲ್ಲಿ ಹೋದ್ರೆ ಟ್ರೇಲರ್ ಬಾಲ ಅಲ್ಲಾಡಿಸುತ್ತೆ, ಘಾಟಿ ಹತ್ತೋವಾಗ ಇಂಜಿನ್ ಕಿರುಚುತ್ತೆ. ಕೇಳಿದ ಅರ್ಧ ನಿಮಿಷದಲ್ಲಿ ಯಾರಾದ್ರೂ ಒಬ್ರು ಏರ್‌ಬ್ಯಾಗ್ (ಹಿಂದಿನ ಸ್ಪ್ರಿಂಗಿಗೆ ಆಸರೆ ಕೊಡೋ ಗಾಳಿ ಚೀಲ) ಹಾಕ್ಸಿ ಅಂತಾರೆ, ಇನ್ನೊಬ್ರು ಅಲ್ಲಾಟ ತಡೆಯೋ ಸ್ವೇ ಬಾರ್ ಅಂತಾರೆ, ಮತ್ತೊಬ್ರು ಡೀಸೆಲ್ ಟ್ರಕ್ಕೇ ತಗೊಂಬಿಡಿ ಅಂತಾರೆ. ದಯವಿಟ್ಟು ಯಾವುದನ್ನೂ ಕೊಳ್ಬೇಡಿ, ಮೊದಲು ತೂಕ ಹಾಕ್ಸಿ. ಈ ಲಕ್ಷಣಗಳಲ್ಲಿ ಮುಕ್ಕಾಲು ಪಾಲಿನ ಮೂಲ ಟ್ರಕ್ ಎಷ್ಟು ಎಳೆಯುತ್ತೆ ಅನ್ನೋದರಲ್ಲಿ ಇರಲ್ಲ, ಟ್ರಕ್ ಬೆನ್ನ ಮೇಲೆ ಎಷ್ಟು ಹೊರುತ್ತೆ ಅನ್ನೋದರಲ್ಲಿ ಇರುತ್ತೆ.

ಇಲ್ಲಿ ಬರೆದಿರೋದು ಹಾಫ್ ಟನ್ ಪಿಕಪ್‌ಗಳಿಗೆ, ಅಂದ್ರೆ ಎಫ್-150, ಸಿಲ್ವರಾಡೋ 1500, ರ‍್ಯಾಮ್ 1500, ಟಂಡ್ರಾ ಥರದವಕ್ಕೆ, ಅದೂ ಹಿಂದಿನ ಹಿಚ್ಚಿಗೆ, ಅಂದ್ರೆ ಬಂಪರ್ ಹತ್ರದ ಕೊಂಡಿಗೆ, ಕಬ್ಬಿಣದ ಗುಂಡಿನ (ಬಾಲ್) ಮೇಲೆ ಸಿಗಿಸೋ ಟ್ರೇಲರ್‌ಗಳಿಗೆ. ಟ್ರಕ್ಕಿನ ಬೆಡ್ (ಹಿಂದಿನ ಸಾಮಾನು ತೊಟ್ಟಿ) ಒಳಗೇ ಸಿಗಿಸೋ ಫಿಫ್ತ್ ವ್ಹೀಲ್ ಟ್ರೇಲರ್ ಲೆಕ್ಕ ಬೇರೆ. ಇಂಗ್ಲೆಂಡ್, ಜರ್ಮನಿಯಲ್ಲಿ ಇರೋರು ಈ ಅಂಕಿಗಳನ್ನ ಎತ್ಕೊಂಡು ಹೋಗ್ಬೇಡಿ, ಅಲ್ಲಿನ ಕ್ಯಾರವಾನ್ ಹಗುರ, ಮೂತಿಯ ಭಾರ (ಟ್ರೇಲರ್ ಮುಂದಿನ ತುದಿ ಗಾಡಿಯ ಹಿಚ್ ಮೇಲೆ ಒತ್ತೋ ತೂಕ) ಕಮ್ಮಿ ಇಡ್ತಾರೆ, ವೇಗದ ಮಿತಿನೂ ಬೇರೆ.

ಮೊದಲ ಕೆಲಸ: ಡ್ರೈವರ್ ಬಾಗಿಲು ತೆಗೀರಿ

ಬ್ರೋಷರ್‌ನಲ್ಲಿ ದಪ್ಪಕ್ಷರದಲ್ಲಿ ಇರೋ ಟೋ ರೇಟಿಂಗ್, ಅಂದ್ರೆ ಟ್ರಕ್ ಎಳೆಯಬಹುದಾದ ಗರಿಷ್ಠ ತೂಕ, ಮರ್ತುಬಿಡಿ. ಅದು ಸುಳ್ಳಲ್ಲ, ಆದ್ರೆ ನಿಮ್ಮ ಸಂಸಾರದ ಲೆಕ್ಕ ಹಾಕಿ ಬರೆದಿದ್ದಲ್ಲ. ಎಸ್‌ಎಇ ಜೆ2807 ಅನ್ನೋ ಸ್ಟ್ಯಾಂಡರ್ಡ್ ಪ್ರಕಾರ ಪರೀಕ್ಷೆ ಮಾಡೋವಾಗ ಟ್ರಕ್ಕಿನಲ್ಲಿ ಡ್ರೈವರ್ ಒಬ್ಬ, ಪಕ್ಕದಲ್ಲಿ ಇನ್ನೊಬ್ಬ, ತಲಾ 150 ಪೌಂಡ್ ಅಂತ ಹಿಡೀತಾರೆ. ಹಿಂದಿನ ಸೀಟಲ್ಲಿ ಮಕ್ಕಳಿಲ್ಲ, ಊರಿಂದ ಬಂದಿರೋ ಅಪ್ಪ ಅಮ್ಮ ಇಲ್ಲ, ಬೆಡ್‌ನಲ್ಲಿ ಕೂಲರ್ ಇಲ್ಲ, ಸೈಕಲ್ ಇಲ್ಲ. ಅರಿಜೋನಾದ ಬುಲ್‌ಹೆಡ್ ಸಿಟಿ ಹತ್ರ ಡೇವಿಸ್ ಡ್ಯಾಮ್ ಏರು ಅಂತ ಇದೆ, ಸ್ಟೇಟ್ ರೂಟ್ 68ರಲ್ಲಿ 11.4 ಮೈಲಿ, ಬೇಸಿಗೆ ಬಿಸಿಲಲ್ಲಿ ಏಸಿ ಪೂರ್ತಿ ಹಾಕ್ಕೊಂಡು ಅದನ್ನ ಗಂಟೆಗೆ 40 ಮೈಲಿಗಿಂತ ಕೆಳಗೆ ಇಳೀದೆ ಹತ್ಬೇಕು, ಆಗ ಪಾಸು. ಇಂಜಿನ್, ಗೇರ್‌ಬಾಕ್ಸ್, ಕೂಲಿಂಗ್ ತಡ್ಕೊಳ್ಳುತ್ತಾ ಅಂತ ನೋಡೋಕೆ ಒಳ್ಳೇ ಪರೀಕ್ಷೆ ಅದು, ನಿಮ್ಮನೆಯವರೆಲ್ಲ ಹತ್ತಿ ಕೂತ ಮೇಲೆ ಹಿಂದಿನ ಆಕ್ಸಲ್ ಗತಿ ಏನು ಅನ್ನೋದಕ್ಕೆ ಅದರಲ್ಲಿ ಉತ್ತರ ಇಲ್ಲ.

ಆ ಉತ್ತರ ಇರೋದು ಬಾಗಿಲ ಚೌಕಟ್ಟಿನ ಸ್ಟಿಕರ್‌ಗಳಲ್ಲಿ. ಟೈರ್ ಮತ್ತು ಲೋಡಿನ ಹಳದಿ-ಬಿಳಿ ಸ್ಟಿಕರ್ ಒಂದು ಇರುತ್ತೆ, ಕೂರೋ ಜನ ಮತ್ತು ಸಾಮಾನು ಎಲ್ಲಾ ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತೆ, ಅದೇ ಪೇಲೋಡ್. ಪಕ್ಕದ ಇನ್ನೊಂದು ಸ್ಟಿಕರ್‌ನಲ್ಲಿ ಜಿವಿಡಬ್ಲ್ಯೂಆರ್, ಅಂದ್ರೆ ಟ್ರಕ್ ಒಂದೇ ಎಲ್ಲಾ ಹೊತ್ಕೊಂಡು ತೂಗಬಹುದಾದ ಗರಿಷ್ಠ ತೂಕ, ಜೊತೆಗೆ ಮುಂದಿನ ಆಕ್ಸಲ್‌ಗೆ ಇಷ್ಟು ಹಿಂದಿನದಕ್ಕೆ ಇಷ್ಟು ಅಂತ ಮಿತಿಗಳು. ಒಂದೇ ಮಾಡೆಲ್, ಒಂದೇ ವರ್ಷದ ಎರಡು ಟ್ರಕ್‌ಗಳ ಪೇಲೋಡ್ ನೂರಾರು ಪೌಂಡ್ ಬೇರೆ ಇರುತ್ತೆ. ಸನ್‌ರೂಫ್, 4x4, ಲೆದರ್ ಸೀಟು, ದೊಡ್ಡ ಗಾಲಿ ಎಲ್ಲಾ ಪೇಲೋಡನ್ನೇ ತಿನ್ನೋದು. ಹಾಗಾಗಿ ಅತಿ ದುಬಾರಿ ಟ್ರಿಮ್ ತಗೊಂಡವರ ಟ್ರಕ್ಕು ಹೊರೋದು ಎಷ್ಟೋ ಸಲ ಕೆಲಸಗಾರರ ಸಾದಾ ಟ್ರಕ್ಕಿಗಿಂತ ಕಮ್ಮಿ, ಶೋರೂಮಲ್ಲಿ ಇದನ್ನ ಯಾರೂ ತಾವಾಗೇ ಹೇಳಲ್ಲ.

ಇದೆಲ್ಲಾ ಆದ್ಮೇಲೆ ಹಿಚ್ ರಿಸೀವರ್ ಕೆಳಗೆ ಬಗ್ಗಿ ನೋಡಿ. ಅಲ್ಲೂ ಒಂದು ಸ್ಟಿಕರ್ ಇರುತ್ತೆ, ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ (ಸ್ಪ್ರಿಂಗ್ ಥರದ ಬಾರ್‌ಗಳಿಂದ ಮೂತಿ ಭಾರವನ್ನ ಮುಂದಿನ ಚಕ್ರಕ್ಕೂ ಟ್ರೇಲರ್ ಚಕ್ರಕ್ಕೂ ಹಂಚೋ ಹಿಚ್) ಇಲ್ದೇ ಇಷ್ಟು, ಇದ್ರೆ ಇಷ್ಟು ಅಂತ ಎರಡು ಬೇರೆ ಅಂಕಿ. ಎಷ್ಟೋ ಜನ ಇದನ್ನ ಓದೇ ಇರಲ್ಲ.

ಟ್ರೇಲರ್ ಕಡೆಯ ಮೋಸದ ಅಂಕಿ

ಡ್ರೈ ವೇಟ್ 5,700 ಪೌಂಡ್, ಹಿಚ್ ವೇಟ್ (ಮೂತಿ ಭಾರ) 620 ಅಂತ ಬ್ರೋಷರ್ ಹೇಳುತ್ತೆ ಅಂದ್ಕೊಳ್ಳಿ. ಅದು ಖಾಲಿ ಡಬ್ಬಿಯ ತೂಕ. ಬ್ಯಾಟರಿ ಸಾಮಾನ್ಯವಾಗಿ ಅದರಲ್ಲಿ ಸೇರಿರಲ್ಲ, ಗ್ಯಾಸು ಇಲ್ಲ, ನೀರಿಲ್ಲ. ಒಂದು ಗ್ಯಾಲನ್ ನೀರು 8.34 ಪೌಂಡ್, 40 ಗ್ಯಾಲನ್ ಟ್ಯಾಂಕ್ ತುಂಬಿಸಿದ್ರೆ ಅಲ್ಲೇ 330 ಪೌಂಡ್ ದಾಟ್ತು. ಇಪ್ಪತ್ತು ಪೌಂಡಿನ ಪ್ರೊಪೇನ್ ಸಿಲಿಂಡರ್ ಅಂದ್ರೆ ಗ್ಯಾಸ್ ಮಾತ್ರ ಇಪ್ಪತ್ತು, ಕಬ್ಬಿಣ ಸೇರಿ 37ರ ಹತ್ರ, ಅಂಥವು ಎರಡು, ಅದೂ ಸರಿಯಾಗಿ ಮೂತಿಯ ಮೇಲೇ ಕೂತಿರುತ್ತೆ. ಆಮೇಲೆ ನಮ್ಮ ಅಡುಗೆಮನೆ ಸಂಸಾರ: ಕುಕ್ಕರ್ ಎರಡು, ಟೇಬಲ್ ಟಾಪ್ ಗ್ರೈಂಡರ್, ಸೋನಾ ಮಸೂರಿ ಇಪ್ಪತ್ತು ಪೌಂಡಿನ ಚೀಲ, ಕಬ್ಬಿಣದ ಕಾವಲಿ, ನೀರಿನ ಬಾಟಲ್ ಕೇಸುಗಳು. ಗ್ರೈಂಡರ್ ಯಾಕ್ರೀ ಕ್ಯಾಂಪಿಂಗಿಗೆ ಅಂತ ನಾನು ಕೇಳಲ್ಲ, ದೋಸೆ ನನಗೂ ಬೇಕು, ಆದ್ರೆ ಲೆಕ್ಕಕ್ಕಂತೂ ತಗೊಳ್ಳಿ. ಸುಲಭದ ದಾರಿ ಅಂದ್ರೆ ಕೊಳ್ಳೋ ಮುಂಚೆ ಡ್ರೈ ವೇಟ್ ನೋಡ್ಲೇಬೇಡಿ, ಟ್ರೇಲರ್‌ನ ಜಿವಿಡಬ್ಲ್ಯೂಆರ್ ಹಿಡ್ಕೊಂಡು ಅದರ ನೂರಕ್ಕೆ 12 ರಿಂದ 13 ಭಾಗ ಟ್ರಕ್ ಮೇಲೆ ಬೀಳುತ್ತೆ ಅಂತ ಹಾಕ್ಕೊಳ್ಳಿ.

ಅಸಲಿ ಪರೀಕ್ಷೆ: ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್

ಹೆದ್ದಾರಿ ಪಕ್ಕದ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಹಳದಿ-ಕಪ್ಪು ಕ್ಯಾಟ್ ಸ್ಕೇಲ್ (ಗಾಡಿ ತೂಗೋ ಮಷೀನ್) ಬೋರ್ಡ್ ಇರುತ್ತೆ. ಲಾರಿಯವರಿಗೆ ಮಾತ್ರ ಅಂತ ಹೆದರ್ಕೋಬೇಡಿ, ಯಾರು ಬೇಕಾದ್ರೂ ಹೋಗಬಹುದು, ಸರ್ಚಾರ್ಜು ಗಿರ್ಚಾರ್ಜು ಏನಿಲ್ಲ, ಅದೇ ದಿನ ಮತ್ತೆ ತೂಗ್ಸಿದ್ರೆ ಎರಡನೇದಕ್ಕೆ ಕೆಲವೇ ಡಾಲರ್. ಮುಂದಿನ ಚಕ್ರ ಒಂದು ಹಾಸಿನ ಮೇಲೆ, ಹಿಂದಿನ ಚಕ್ರ ಇನ್ನೊಂದರ ಮೇಲೆ, ಟ್ರೇಲರ್ ಚಕ್ರ ಮೂರನೇದರ ಮೇಲೆ ಬರೋ ಹಾಗೆ ನಿಲ್ಸಿ, ಬಟನ್ ಒತ್ತಿ, ಮೊದಲ ತೂಕನಾ ಮರು ತೂಕನಾ ಅಂತ ಕೇಳ್ತಾರೆ, ಹೇಳಿ. ಫೋನ್ ಆ್ಯಪ್‌ನಲ್ಲೂ ಆಗುತ್ತೆ. ಪ್ರವಾಸಕ್ಕೆ ಹೊರಡೋ ಹಾಗೇ ಪೂರ್ತಿ ಲೋಡ್ ಮಾಡ್ಕೊಂಡು, ಮನೆಯವರೆಲ್ಲ ಕೂತು, ಫ್ಯೂಯಲ್ ಟ್ಯಾಂಕ್ ತುಂಬಿಸ್ಕೊಂಡು ಹೋಗ್ಬೇಕು, ಖಾಲಿ ಗಾಡಿ ತೂಗ್ಸಿ ಏನೂ ಉಪಯೋಗ ಇಲ್ಲ.

ಮೂರು ಸಲ ತೂಗ್ಸಿ: ವೇಟ್ ಡಿಸ್ಟ್ರಿಬ್ಯೂಷನ್ ಬಾರ್‌ಗಳು ಬಿಗಿದಿರೋವಾಗ ಒಂದು, ಬಾರ್ ಬಿಚ್ಚಿ ಒಂದು, ಟ್ರೇಲರ್ ಪಕ್ಕದಲ್ಲಿ ಬಿಟ್ಟು ಟ್ರಕ್ ಒಂದೇ ಒಂದು.

ಉದಾಹರಣೆಗೆ ಒಂದು ಟ್ರಕ್ ತಗೊಳ್ಳೋಣ, ಪೇಲೋಡ್ 1,600, ಜಿವಿಡಬ್ಲ್ಯೂಆರ್ 7,050, ಹಿಂದಿನ ಆಕ್ಸಲ್ ಮಿತಿ 4,050, ಟೋ ರೇಟಿಂಗ್ 9,800. ಮುಂದೆ ಬೆಂಚ್ ಸೀಟ್ ಇರೋ ಕ್ರೂ ಕ್ಯಾಬ್, ಗಂಡ ಹೆಂಡ್ತಿ, ಇಬ್ರು ಮಕ್ಕಳು, ಬೇಸಿಗೆಗೆ ಬಂದಿರೋ ಅಪ್ಪ ಅಮ್ಮ, ಆರು ಜನ ಸೇರಿ 800 ಪೌಂಡ್. ಹಿಚ್ಚಿನ ಕಬ್ಬಿಣ 80, ಬೆಡ್‌ನಲ್ಲಿ ಸಾಮಾನು 70.

ಟ್ರಕ್ ಒಂದೇ: ಮುಂದೆ 3,380, ಹಿಂದೆ 3,020, ಒಟ್ಟು 6,400.
ಟ್ರೇಲರ್ ಸಿಗಿಸಿ, ಬಾರ್ ಬಿಚ್ಚಿ: ಮುಂದೆ 3,000, ಹಿಂದೆ 4,260, ಟ್ರೇಲರ್ ಚಕ್ರಗಳ ಮೇಲೆ 6,140.
ಬಾರ್ ಬಿಗಿದು: ಮುಂದೆ 3,240, ಹಿಂದೆ 3,900, ಟ್ರೇಲರ್ 6,260.

ಈಗ ಓದೋಣ. ಬಾರ್ ಇಲ್ದೇ ಟ್ರಕ್ಕಿನ ಎರಡು ಆಕ್ಸಲ್ ಸೇರಿ 7,260, ಅದರಲ್ಲಿ ಟ್ರಕ್ಕಿನ 6,400 ಕಳೆದ್ರೆ 860, ಅದೇ ಮೂತಿಯ ಭಾರ, ಟಂಗ್ ವೇಟ್. ಬ್ರೋಷರ್ ಹೇಳಿದ್ದು 620. ಟ್ರೇಲರ್ ಒಟ್ಟು ತೂಕ 860 ಜೊತೆ 6,140 ಅಂದ್ರೆ 7,000, ಮೂತಿ ಭಾರ ನೂರಕ್ಕೆ 12.3, ಅದು ಆರೋಗ್ಯಕರ. ಟೋ ರೇಟಿಂಗಿಗೆ 2,800 ಪೌಂಡ್ ಕಮ್ಮಿ. ಎಲ್ಲಾ ಚೆನ್ನಾಗೇ ಇದೆಯಲ್ಲ ಅನ್ಸುತ್ತೆ. ಆದ್ರೆ ಹಿಂದಿನ ಆಕ್ಸಲ್ ನೋಡಿ, ಬಾರ್ ಇಲ್ದಿದ್ರೆ ಮಿತಿ ಮೀರಿ 210 ಪೌಂಡ್ ಜಾಸ್ತಿ. 860 ಪೌಂಡ್ ಇಟ್ರೆ ಹಿಂದಿನ ಚಕ್ರಕ್ಕೆ 1,240 ಯಾಕೆ ಬಿತ್ತು ಅಂದ್ರೆ ಬಾಲ್ ಇರೋದು ಆಕ್ಸಲ್ಲಿನ ಹಿಂದೆ, ಅದು ಸನ್ನೆಗೋಲಿನ ಥರ ಮುಂದಿನ ಚಕ್ರದಿಂದ 380 ಪೌಂಡ್ ಎತ್ತಿ ಹಿಂದಕ್ಕೆ ಹಾಕುತ್ತೆ. ಮಂಡ್ಯ ಕಡೆ ಕಬ್ಬಿನ ಲೋಡ್ ಜಾಸ್ತಿ ಆಗಿ ಟ್ರ್ಯಾಕ್ಟರ್ ಮೂತಿ ಎತ್ತೋದನ್ನ ನೋಡಿರ್ತೀರಲ್ಲ, ಅದರ ಸಣ್ಣ ರೂಪ ಇದು. ನಿಮ್ಮ ಸ್ಟೀರಿಂಗ್ ಹಗುರ ಆಗಿದ್ದು, ಹೆಡ್‌ಲೈಟ್ ಮೇಲೆದ್ದಿದ್ದು, ಎರಡಕ್ಕೂ ಕಾರಣ ಆ 380.

ಬಾರ್ ಬಿಗಿದ ಮೇಲೆ 240 ಪೌಂಡ್ ಮುಂದಕ್ಕೆ ವಾಪಸ್ ಬಂತು, 120 ಟ್ರೇಲರ್ ಚಕ್ರಕ್ಕೆ ಹೋಯ್ತು, ಹಿಂದಿನ ಆಕ್ಸಲ್ ಮಿತಿಯೊಳಗೆ ಬಂತು. ಆದ್ರೂ ಟ್ರಕ್ ಒಟ್ಟು 7,140, ಮಿತಿ 7,050, ಇನ್ನೂ 90 ಪೌಂಡ್ ಜಾಸ್ತಿ. ರೋಗ ಸಿಕ್ತು ನೋಡಿ: ಎಳೆಯೋ ಶಕ್ತಿ ಬೇಕಾದಷ್ಟಿದೆ, ಹೊರೋ ಶಕ್ತಿ ಮುಗಿದಿದೆ. ಹಿಂದಿಂದ ಲೆಕ್ಕ ಹಾಕಿದ್ರೆ 1,600 ಪೇಲೋಡ್‌ನಲ್ಲಿ ಜನ ಸಾಮಾನು 950 ಹೋದ್ಮೇಲೆ ಮೂತಿಗೆ ಉಳಿಯೋದು 650, ಅಷ್ಟಕ್ಕೆ ಹೊಂದೋದು ತುಂಬಿದ ತೂಕ 5,000 ಪೌಂಡ್ ಆಸುಪಾಸಿನ ಟ್ರೇಲರ್. 9,800 ಎಲ್ಲಿ, 5,000 ಎಲ್ಲಿ! ಅಪ್ಪ ಅಮ್ಮ ವಾಪಸ್ ಊರಿಗೆ ಹೋದ್ಮೇಲೆ ಅದೇ ಟ್ರಕ್ ಅದೇ 7,000 ಪೌಂಡ್ ಟ್ರೇಲರನ್ನ ಮಿತಿಯೊಳಗೇ ಎಳೆಯುತ್ತೆ, ಅದಕ್ಕೇ ಕೆಲವರಿಗೆ ಹೋದ ವರ್ಷ ಸರಿ ಇತ್ತು ಈ ವರ್ಷ ಏನಾಯ್ತೋ ಅಂತ ಗೊಂದಲ ಆಗೋದು. ಗಾಡಿಗೆ ಏನೂ ಆಗಿರಲ್ಲ.

ಲಕ್ಷಣ: ಹಿಂದೆ ಕೂತಿದೆ, ಮುಂದೆ ಎದ್ದಿದೆ

ತೂಕ ಮಿತಿಯೊಳಗೆ ಇದ್ರೆ ವೇಟ್ ಡಿಸ್ಟ್ರಿಬ್ಯೂಷನ್ ಸೆಟ್ಟಿಂಗ್ ಸರಿ ಇಲ್ಲ ಅಂತ ಅರ್ಥ. ಟ್ರೇಲರ್ ಇಲ್ದೇ ಇರೋವಾಗ ಮುಂದಿನ ಫೆಂಡರ್ ಕಮಾನಿನಿಂದ ನೆಲಕ್ಕೆ ಟೇಪ್ ಹಿಡಿದು ಅಳತೆ ಬರ್ಕೊಳ್ಳಿ, ಸಿಗಿಸಿದ ಮೇಲೆ ಬಾರ್ ಇಲ್ದೇ ಅಳೀರಿ, ಬಾರ್ ಹಾಕಿ ಅಳೀರಿ. ಎದ್ದಿದ್ದರಲ್ಲಿ ಎಷ್ಟು ಭಾಗ ವಾಪಸ್ ಇಳೀಬೇಕು ಅಂತ ಟ್ರಕ್ಕಿನ ಮ್ಯಾನುಯಲ್‌ನಲ್ಲೇ ಇರುತ್ತೆ, ಕಂಪನಿಯಿಂದ ಕಂಪನಿಗೆ ಬೇರೆ, ಅದನ್ನ ಮೀರಿ ಬಿಗೀಬೇಡಿ, ಹಿಂದಿನ ಚಕ್ರದ ಹಿಡಿತ ಹೋಗುತ್ತೆ. ಬಾರ್‌ಗಳ ರೇಟಿಂಗ್ ನಿಮ್ಮ ಅಸಲಿ ಮೂತಿ ಭಾರಕ್ಕೆ ಹೊಂದ್ಬೇಕು, 860 ಪೌಂಡಿಗೆ 600ರ ಬಾರ್ ಹಾಕಿದ್ರೆ ಎಷ್ಟು ಚೈನ್ ಎಳೆದ್ರೂ ಆಗಲ್ಲ.

ಏರ್‌ಬ್ಯಾಗ್ ವಿಷ್ಯ. ಹಾಕಿದ್ರೆ ಹಿಂಭಾಗ ಮೇಲೆ ಬರುತ್ತೆ, ನೋಡೋಕೆ ಸಮ ಆಗುತ್ತೆ, ಆದ್ರೆ ಮುಂದಿನ ಚಕ್ರಕ್ಕೆ ಒಂದು ಪೌಂಡೂ ವಾಪಸ್ ಬರಲ್ಲ, ಆಕ್ಸಲ್ ಮಿತಿನೂ ಪೇಲೋಡೂ ಒಂದಿಂಚು ಏರಲ್ಲ. ಜ್ವರದವನಿಗೆ ಪೌಡರ್ ಹಚ್ಚಿ ಕೂರಿಸೋ ಕೆಲಸ ಅಂತ ಹೇಳೋಣ ಅಂದ್ರೆ ಮಾರೋರಿಗೆ ಕೋಪ ಬರುತ್ತೆ, ಹೋಗ್ಲಿ ಬಿಡಿ.

ಲಕ್ಷಣ: ಟ್ರೇಲರ್ ಬಾಲ ಅಲ್ಲಾಡುತ್ತೆ

ಇದು ಪ್ರಾಣಕ್ಕೆ ಸಂಬಂಧಪಟ್ಟಿದ್ದು, ಹಾಗಾಗಿ ನಿಧಾನವಾಗಿ ಓದಿ. ಎರಡು ಬೇರೆ ಥರ ಇದೆ. ಲಾರಿ ದಾಟೋವಾಗ ಒಂದು ಸಲ ಎಳೆದಂಗಾಗಿ ತಾನೇ ಸರಿಹೋದ್ರೆ ಅದು ಗಾಳಿಯ ಒತ್ತಡ, ದೊಡ್ಡ ಪೆಟ್ಟಿಗೆ ಎಳೆಯೋವಾಗ ಸ್ವಲ್ಪ ಇರೋದೇ. ಆದ್ರೆ ಶುರುವಾಗಿ ಎಡ ಬಲ ಎಡ ಬಲ ಅಂತ ಮುಂದುವರೆದು ಪ್ರತಿ ಸಲ ಜಾಸ್ತಿ ಆಗ್ತಾ ಹೋದ್ರೆ ಅದು ಸ್ವೇ, ಅದರ ಮೊದಲ ಅಪರಾಧಿ ಮೂತಿ ಭಾರ ಕಮ್ಮಿ ಇರೋದು. ನೂರಕ್ಕೆ 10ಕ್ಕಿಂತ ಕೆಳಗಿದ್ರೆ ಬೇರೇನೂ ಹುಡುಕ್ಬೇಡಿ, ಮೊದಲು ಅದನ್ನೇ ಸರಿ ಮಾಡಿ. ಸಾಮಾನ್ಯವಾಗಿ 10 ರಿಂದ 15ರ ಒಳಗೆ ಇರ್ಬೇಕು.

ಇಲ್ಲೇ ಒಂದು ಬಲೆ ಇದೆ. ಪೇಲೋಡ್ ಮೀರಿದೆ ಅಂತ ಗೊತ್ತಾದವರು ಏನ್ ಮಾಡ್ತಾರೆ ಅಂದ್ರೆ ಮೂತಿ ಹಗುರ ಮಾಡೋಣ ಅಂತ ಸಾಮಾನೆಲ್ಲ ಟ್ರೇಲರ್ ಹಿಂಭಾಗಕ್ಕೆ ತಳ್ತಾರೆ, ಹಿಂದಿನ ಬಂಪರ್‌ಗೆ ಸೈಕಲ್ ರ‍್ಯಾಕ್ ನೇತು ಹಾಕ್ತಾರೆ, ಮೂತಿ ಭಾರ 860ರಿಂದ 600ಕ್ಕೆ ಇಳಿಯುತ್ತೆ, ಟ್ರಕ್ ಸಮ ನಿಲ್ಲುತ್ತೆ, ಖುಷಿ. 7,000 ಪೌಂಡ್ ಟ್ರೇಲರ್‌ಗೆ 600 ಅಂದ್ರೆ ನೂರಕ್ಕೆ 8.6. ಇದೇ ಸ್ವೇಗೆ ಆಹ್ವಾನ. ಭಾರ ಕಮ್ಮಿ ಮಾಡ್ಬೇಕು ಅಂದ್ರೆ ಸಾಮಾನು ಕಮ್ಮಿ ಮಾಡ್ಬೇಕು, ಹಿಂದಕ್ಕೆ ತಳ್ಳೋದಲ್ಲ. ಇನ್ನೊಂದು, ಟ್ಯಾಂಕುಗಳು ಎಲ್ಲಿವೆ ಅಂತ ನೋಡಿ. ಕೆಲವು ಟ್ರೇಲರ್‌ಗಳಲ್ಲಿ ಒಳ್ಳೇ ನೀರಿನ ಟ್ಯಾಂಕ್ ಆಕ್ಸಲ್ ಮುಂದೆ, ಕೊಳೆ ನೀರಿನದ್ದು ಹಿಂದೆ. ಹೋಗೋವಾಗ ಏನೂ ತೊಂದ್ರೆ ಇರಲ್ಲ, ಬರೋವಾಗ ಮುಂದಿನದು ಖಾಲಿ, ಹಿಂದಿನದು ತುಂಬಿದೆ, ಅದೇ ಟ್ರೇಲರ್ ಈಗ ಕುಣಿಯುತ್ತೆ. ಹೋಗ್ತಾ ಸರಿ ಇತ್ತು ಬರ್ತಾ ಕೆಟ್ಟಿತು ಅನ್ನೋರು ಮೊದಲು ಡಂಪ್ ಸ್ಟೇಷನ್‌ನಲ್ಲಿ (ಕೊಳೆ ನೀರು ಸುರಿಯೋ ಜಾಗ) ಟ್ಯಾಂಕ್ ಖಾಲಿ ಮಾಡ್ಕೊಂಡು ಹೊರಡಿ.

ಪದೇಪದೇ ಟ್ರಕ್ ಸ್ಟಾಪಿಗೆ ಓಡೋದು ಬೇಡ ಅಂದ್ರೆ ಮನೆಯ ಬಾತ್‌ರೂಮ್ ತೂಕದ ಮಷೀನಲ್ಲೇ ಮೂತಿ ಭಾರ ನೋಡಬಹುದು. ಒಂದು ಗಟ್ಟಿ ಮರದ ತೊಲೆ, ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ಮಷೀನ್ ಮೇಲೆ, ಎರಡು ಆಸರೆಗೂ ಮಧ್ಯೆ 3 ಅಡಿ, ಟ್ರೇಲರ್ ಮೂತಿ ಇಟ್ಟಿಗೆ ಕಡೆಯಿಂದ 1 ಅಡಿಗೆ ಕೂರಿಸಿ, ಮಷೀನ್ ತೋರಿಸಿದ್ದನ್ನ 3ರಿಂದ ಗುಣಿಸಿ. ಟ್ರೇಲರ್ ಚಕ್ರಕ್ಕೆ ಉರುಳದ ಹಾಗೆ ಅಡ್ಡ ಕೊಡೋ ಚಾಕ್ ಇಟ್ಟಿರ್ಬೇಕು, ಇದನ್ನ ಮರೀಬೇಡಿ, ಕಾಲ್ಬೆರಳು ಆ ಕಡೆ ಇಡ್ಬೇಡಿ.

ಮೂತಿ ಭಾರ ಸರಿ ಇದ್ದೂ ಅಲ್ಲಾಡಿದ್ರೆ ಟ್ರೇಲರ್ ಸಮಮಟ್ಟದಲ್ಲಿದೆಯಾ ನೋಡಿ, ಮೂತಿ ಮೇಲೆದ್ದಿದ್ರೆ ಬಾಲ್ ಎತ್ತರ ಇಳಿಸಿ. ಆಮೇಲೆ ಟೈರ್ ಗಾಳಿ: ಟ್ರಕ್ಕಿನ ಹಿಂದಿನ ಟೈರ್ ಬಾಗಿಲ ಸ್ಟಿಕರ್ ಪ್ರಕಾರ, ಟ್ರೇಲರ್ ಟೈರ್ ತಣ್ಣಗಿದ್ದಾಗ ಟ್ರೇಲರ್ ಸ್ಟಿಕರ್ ಪ್ರಕಾರ. ಆಮೇಲೆ ವೇಗ. ಸ್ವೇ ಅನ್ನೋದು ವೇಗದ ಜೊತೆ ಬೆಳೆಯೋದು, 55ರಲ್ಲಿ ತಾನೇ ಅಡಗೋ ಅಲ್ಲಾಟ 70ರಲ್ಲಿ ಅಡಗಲ್ಲ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯೋ ಗಾಡಿಗೆ ಕಾನೂನೇ 55 ಮೈಲಿ, ಎಷ್ಟೋ ಟ್ರೇಲರ್ ಟೈರ್‌ಗಳ ರೇಟಿಂಗೇ 65 ಮೈಲಿ.

ರಸ್ತೆಯಲ್ಲಿ ಶುರುವಾಗೇಬಿಟ್ರೆ ಟ್ರಕ್ಕಿನ ಬ್ರೇಕ್ ತುಳೀಬೇಡಿ, ಸ್ಟೀರಿಂಗ್ ತಿರುಗಿಸಿ ಸರಿ ಮಾಡೋಕೆ ಹೋಗ್ಬೇಡಿ, ನೇರ ಹಿಡ್ಕೊಳ್ಳಿ, ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ಬ್ರೇಕ್ ಕಂಟ್ರೋಲರ್‌ನ (ಟ್ರಕ್ಕಿನೊಳಗಿಂದ ಟ್ರೇಲರ್ ಬ್ರೇಕ್ ನಡೆಸೋ ಸಾಧನ) ಕೈ ಲಿವರ್ ಒತ್ತಿ ಟ್ರೇಲರ್ ಬ್ರೇಕ್ ಮಾತ್ರ ಹಿಡಿಸಿ, ಅದು ಹಿಂದಕ್ಕೆ ಎಳೆದು ನೇರ ಮಾಡುತ್ತೆ. ಆ ಲಿವರ್ ಎಲ್ಲಿದೆ ಅಂತ ಕಣ್ಣು ಮುಚ್ಚಿ ಕೈಗೆ ಸಿಗೋ ಹಾಗೆ ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ಅಭ್ಯಾಸ ಮಾಡ್ಕೊಳ್ಳಿ.

ಲಕ್ಷಣ: ಏರು ಹತ್ತಲ್ಲ, ಇಳಿಜಾರಲ್ಲಿ ಬ್ರೇಕ್ ವಾಸನೆ

ಹತ್ತೋದು ಕಷ್ಟ ಆದ್ರೆ ಟ್ರಕ್ ಮತ್ತು ಟ್ರೇಲರ್ ಎರಡರ ಒಟ್ಟು ಮಿತಿ ನೋಡಿ, ಅದು ಜಿಸಿಡಬ್ಲ್ಯೂಆರ್, ಮೇಲಿನ ಉದಾಹರಣೆಯಲ್ಲಿ ಒಟ್ಟು 13,400 ಆಯ್ತಲ್ಲ ಅದನ್ನ ಇದಕ್ಕೆ ಹೋಲಿಸ್ಬೇಕು. ಆಕ್ಸಲ್ ರೇಷಿಯೋ (ಆಕ್ಸಲ್‌ನ ಗೇರ್ ಅನುಪಾತ) 3.21 ಇರೋ ಟ್ರಕ್ಕಿಗೂ 3.92 ಇರೋದಕ್ಕೂ ಈ ಅಂಕಿ ಸಾವಿರಗಟ್ಟಲೆ ಪೌಂಡ್ ಬೇರೆ ಆಗುತ್ತೆ. ಎತ್ತರನೂ ಲೆಕ್ಕಕ್ಕೆ ತಗೊಳ್ಳಿ, ಟರ್ಬೊ ಇಲ್ಲದ ಇಂಜಿನ್ ಪ್ರತಿ 1,000 ಅಡಿಗೆ ನೂರಕ್ಕೆ 3ರಷ್ಟು ಶಕ್ತಿ ಕಳ್ಕೊಳ್ಳುತ್ತೆ, ಕೊಲರಾಡೋದ ಐ-70ರ ಐಸನ್‌ಹೋವರ್ ಟನಲ್ 11,000 ಅಡಿ ಮೇಲಿದೆ, ಅಲ್ಲಿ ಮೂರನೇ ಒಂದು ಭಾಗದಷ್ಟು ಇಂಜಿನ್ ಇಲ್ಲದಂಗೆ. ಅದು ದೋಷ ಅಲ್ಲ, ಬಲಗಡೆ ಲೇನ್‌ನಲ್ಲಿ ಲಾರಿಗಳ ಜೊತೆ ಹತ್ತಿ. ಟೋ ಮೋಡ್ ಹಾಕಿ, ಟ್ರಾನ್ಸ್‌ಮಿಷನ್ ಟೆಂಪರೇಚರ್ ಮೇಲೆ ಕಣ್ಣಿಡಿ. ತೂಕ ಎಲ್ಲಾ ಸರಿ ಇದ್ದು ಎದುರು ಗಾಳಿಯಲ್ಲಿ ಮಾತ್ರ ಒದ್ದಾಡಿದ್ರೆ ಟ್ರೇಲರ್‌ನ ಎದುರು ಮುಖದ ವಿಸ್ತೀರ್ಣ ನೋಡಿ, ಮ್ಯಾನುಯಲ್‌ನಲ್ಲಿ ಅದಕ್ಕೂ ಚದರ ಅಡಿಯಲ್ಲಿ ಮಿತಿ ಇರುತ್ತೆ, ತಗ್ಗಾದ ದೋಣಿ ಟ್ರೇಲರ್ ಎಳೆದಂಗಲ್ಲ ಗೋಡೆ ಥರದ ಪೆಟ್ಟಿಗೆ ಎಳೆಯೋದು.

ಇಳೀತಾ ಬ್ರೇಕ್ ವಾಸನೆ ಬಂದ್ರೆ ಎರಡು ಸಾಧ್ಯತೆ, ನೀವು ಗೇರ್ ಇಳಿಸ್ತಿಲ್ಲ ಅಥವಾ ಟ್ರೇಲರ್ ಬ್ರೇಕ್ ಕೆಲಸ ಮಾಡ್ತಿಲ್ಲ, ಟ್ರಕ್ಕೇ ಎರಡು ಗಾಡಿ ನಿಲ್ಲಿಸ್ತಿದೆ. ಸಮತಟ್ಟಾದ ಒಣ ಖಾಲಿ ಜಾಗದಲ್ಲಿ 20-25 ಮೈಲಿ ವೇಗದಲ್ಲಿ ಹೋಗಿ ಕೈ ಲಿವರ್ ಪೂರ್ತಿ ಒತ್ತಿ. ಟ್ರೇಲರ್ ಹಿಡಿದು ಎಳೀಬೇಕು. ಚಕ್ರ ಲಾಕ್ ಆಗೋವರೆಗೂ ಗೇನ್ (ಕಂಟ್ರೋಲರ್‌ನಲ್ಲಿ ಬ್ರೇಕಿನ ಬಲದ ಸೆಟ್ಟಿಂಗ್) ಏರ್ಸಿ, ಆಮೇಲೆ ಸ್ವಲ್ಪ ಇಳ್ಸಿ. ಏನೂ ಹಿಡೀದಿದ್ರೆ ಟ್ರಕ್ಕಿಂದ ಟ್ರೇಲರ್‌ಗೆ ಕರೆಂಟ್ ಒಯ್ಯೋ 7-ಪಿನ್ ಪ್ಲಗ್ ಬಿಚ್ಚಿ ಪಿನ್‌ಗಳಲ್ಲಿ ಹಸಿರು ತುಕ್ಕು ಇದೆಯಾ ನೋಡಿ, ಒರೆಸಿ, ಮತ್ತೆ ಹಾಕಿ, ಒಬ್ರು ಲಿವರ್ ಒತ್ತಿದಾಗ ಇನ್ನೊಬ್ರು ಪ್ರತಿ ಚಕ್ರದ ಹತ್ರ ಕಿವಿಯಿಟ್ಟು ಮ್ಯಾಗ್ನೆಟ್ ಗುಂಯ್ ಅನ್ನುತ್ತಾ ಕೇಳಿ. ಒಂದು ಚಕ್ರ ಮಾತ್ರ ಸುಮ್ಮನಿದ್ರೆ ಆ ಚಕ್ರದ ವೈರು, ನಾಲ್ಕೂ ಸುಮ್ಮನಿದ್ರೆ ಪ್ಲಗ್, ಫ್ಯೂಸ್ ಅಥವಾ ಕಂಟ್ರೋಲರ್. ಇಪ್ಪತ್ತು ಮೂವತ್ತು ಮೈಲಿ ಓಡಿಸಿ ನಿಲ್ಲಿಸಿದಾಗ ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ನಾಲ್ಕು ಹಬ್ ನೋಡಿ, ಒಂದು ಮಾತ್ರ ಉಳಿದವಕ್ಕಿಂತ ತುಂಬಾ ಬಿಸಿ ಇದ್ರೆ ಬೇರಿಂಗ್ ಅಥವಾ ಬ್ರೇಕ್ ಅಂಟ್ಕೊಂಡಿದೆ, ಅಲ್ಲೇ ನಿಲ್ಸಿ. ಒಂದು ಮಾತ್ರ ತಣ್ಣಗಿದ್ರೆ ಆ ಚಕ್ರದ ಬ್ರೇಕ್ ಹಿಡೀತಿಲ್ಲ.